ಮನಸ್ಸನ್ನು ಯಂತ್ರದಲ್ಲಿ ಇಡುವ ಕಥೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಶಾಲೆಯ ಕೆಲವು ಮಕ್ಕಳು, ಈಗ ಬಳ್ಳಾರಿ, ರಾಯಚೂರಿನಲ್ಲಿ ಕಾಲೇಜು ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ಸೇರಿ ವೈಜ್ಞಾನಿಕ ಕಥೆಗಳನ್ನು ಓದುತ್ತೇವೆ. ಕೆಲವರು ಬರೆಯುತ್ತಾರೆ ಕೂಡ. ಎರಡು ವರ್ಷದಿಂದ ನಾವು ಹಿಡಿದಿರುವುದು ಒಂದೇ ವಿಷಯ: ಮನುಷ್ಯನ ಮನಸ್ಸನ್ನು ಕಂಪ್ಯೂಟರಿಗೆ ಇಳಿಸಿ, ದೇಹ ಹೋದ ಮೇಲೂ ಬದುಕಿಸುವ ಕಥೆಗಳು. ಈ ಮಾತು ತೆಗೆದ ಕಡೆಯಲ್ಲೆಲ್ಲ, ಮನೆಯಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು ಬರುತ್ತವೆ. ಒಂದು ಕಡೆ ಬರೆದಿಟ್ಟರೆ ಒಳ್ಳೆಯದು ಅನಿಸಿತು.

ಈ ಕಥೆಗಳಲ್ಲಿ ಏನಾಗುತ್ತದೆ, ಸುಲಭವಾಗಿ ಹೇಳಿ?

ಮಿದುಳಿನಲ್ಲಿ ಇರುವುದೆಲ್ಲ, ಅಂದರೆ ನೆನಪು, ಭಯ, ಮಾತಿನ ಧಾಟಿ, ಯಾರ ಮೇಲೆ ಪ್ರೀತಿ, ಯಾರ ಮೇಲೆ ಸಿಟ್ಟು, ಎಲ್ಲವನ್ನೂ ಒಂದು ಯಂತ್ರ ಓದಿಕೊಳ್ಳುತ್ತದೆ. ಆಮೇಲೆ ಅದು ಕಂಪ್ಯೂಟರಿನಲ್ಲಿ ಓಡುತ್ತದೆ. ಓಡುತ್ತದೆ ಅನ್ನುವುದು ಮುಖ್ಯ. ಸುಮ್ನೆ ಕಡತದ ಹಾಗೆ ಬಿದ್ದಿರುವುದಿಲ್ಲ. ಯೋಚಿಸುತ್ತದೆ, ಉತ್ತರ ಕೊಡುತ್ತದೆ, ನಾಳೆಯ ಬಗ್ಗೆ ಚಿಂತೆ ಮಾಡುತ್ತದೆ. ಕೆಲವು ಕಥೆಗಳಲ್ಲಿ ಅದಕ್ಕೆ ಹೊಸ ದೇಹ ಸಿಗುತ್ತದೆ. ಕೆಲವು ಕಥೆಗಳಲ್ಲಿ ಕಂಪ್ಯೂಟರಿನೊಳಗೇ ಒಂದು ಊರು ಕಟ್ಟಿ ಕೊಟ್ಟಿರುತ್ತಾರೆ.

ಇದು ಹೊರದೇಶದವರ ಕಲ್ಪನೆ ಅಲ್ವಾ? ನಮಗೇನು ಸಂಬಂಧ?

ಯಂತ್ರ ಹೊರಗಿನದು. ಆಸೆ ನಮ್ಮದೂ ಹೌದು.

ಪರಕಾಯ ಪ್ರವೇಶದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಶಂಕರಾಚಾರ್ಯರು ಅಮರುಕ ಎಂಬ ರಾಜನ ಸತ್ತ ದೇಹದೊಳಗೆ ಹೊಕ್ಕರು ಎಂದು ಅವರ ಚರಿತ್ರೆ ಹೇಳುತ್ತದೆ. ಆ ಕಥೆಯಲ್ಲಿ ನನಗೆ ಬಹಳ ಹಿಡಿಸುವ ಭಾಗ ಬೇರೆ. ಶಂಕರರು ರಾಜನಾಗಿ ಅರಮನೆಯಲ್ಲಿದ್ದಾಗ ಅವರ ಸ್ವಂತ ದೇಹ ಗುಹೆಯಲ್ಲಿ ಇರುತ್ತದೆ. ಶಿಷ್ಯರು ಅದನ್ನು ಕಾಯುತ್ತಾರೆ. ಅತ್ತ ಮಂತ್ರಿಗಳಿಗೆ ಅನುಮಾನ ಬಂದು, ರಾಜ್ಯದಲ್ಲಿ ಎಲ್ಲಿ ಹೆಣ ಕಂಡರೂ ಸುಟ್ಟುಬಿಡಿ ಎಂದು ಆಜ್ಞೆ ಮಾಡುತ್ತಾರೆ. ಶಿಷ್ಯರು ಹೋಗಿ ಗುರುವಿಗೆ ಅವರು ಯಾರೆಂದು ನೆನಪಿಸಬೇಕಾಗುತ್ತದೆ. ಕಾಯುವವರು ಇಲ್ಲದಿದ್ದರೆ ಆ ವಿದ್ಯೆಯೂ ಕೈಕೊಡುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತೇನೆ.

ಆನೆಗೊಂದಿ ಹತ್ತಿರದ ಅಂಜನಾದ್ರಿಯ ಮೆಟ್ಟಿಲು ಹತ್ತಿದವರಿಗೆ ಹನುಮಂತ ಚಿರಂಜೀವಿ ಎಂದು ಹೇಳಿಕೊಡಬೇಕಾಗಿಲ್ಲ. ಆದರೆ ಅವನು ಕೇಳಿಕೊಂಡ ವರದಲ್ಲಿ ಒಂದು ಕರಾರು ಇದೆ. ಭೂಮಿಯ ಮೇಲೆ ರಾಮನ ಕಥೆ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ನನ್ನ ಪ್ರಾಣ ಇರಲಿ. ಕಥೆ ಹೇಳುವವರು ಇರುವ ತನಕ.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿ. ಸುಮಾರು 400 ಶಿಲಾ ಸಮಾಧಿಗಳಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಜನ ಅದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ನಿಲ್ಲಿಸಿದ ಕಲ್ಲಿನ ಗೋಡೆ, ಮೇಲೊಂದು ಚಪ್ಪಡಿ, ಗೋಡೆಯಲ್ಲಿ ದುಂಡನೆಯ ಕಿಂಡಿ. ನೋಡಿದರೆ ಥೇಟ್ ಮನೆ. ಸತ್ತವರಿಗೆ ಮನೆ ಕಟ್ಟಿಕೊಟ್ಟ ಜನ ನಮ್ಮ ನೆಲದಲ್ಲೇ ಇದ್ದರು. ಅಲ್ಲಿ ಹೋದಾಗ ನನ್ನ ಜೊತೆಗಿದ್ದ ಹುಡುಗಿಯೊಬ್ಬಳು ಆ ಕಿಂಡಿಯೊಳಗೆ ಕೈ ಹಾಕಿ, "ಸರ್, ಒಳಗೆ ತಣ್ಣಗಿದೆ" ಅಂದಳು. ಅವಳ ಮೊದಲ ಕಥೆ ಶುರುವಾದದ್ದು ಆ ಮಾತಿನಿಂದಲೇ.

ವಿಜ್ಞಾನ ಇವತ್ತು ಎಲ್ಲಿಗೆ ಬಂದಿದೆ?

ಹುಳುವಿನಿಂದ ಶುರು ಮಾಡೋಣ. ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿ ಬದುಕುವ ಒಂದು ಹುಳು ಇದೆ. ಹೆಸರು ಸಿ. ಎಲಿಗನ್ಸ್. ಅದಕ್ಕೆ ಇರುವುದು 302 ನರಕೋಶ. ಯಾವ ನರಕೋಶ ಯಾವುದಕ್ಕೆ ಕೂಡಿದೆ ಎಂಬ ಪೂರ್ತಿ ನಕ್ಷೆ 1986ರಲ್ಲೇ ಪ್ರಕಟವಾಯಿತು. ಅಷ್ಟು ವರ್ಷವಾದರೂ ಆ ಹುಳುವನ್ನು ಕಂಪ್ಯೂಟರಿನಲ್ಲಿ ಪೂರ್ತಿ ಬದುಕಿಸಲು ಆಗಿಲ್ಲ.

2024ರ ಅಕ್ಟೋಬರಿನಲ್ಲಿ ಪೂರ್ತಿ ಬೆಳೆದ ಹೆಣ್ಣು ಹಣ್ಣುನೊಣವೊಂದರ ಇಡೀ ಮಿದುಳಿನ ನಕ್ಷೆ ಬಂತು. ಬಾಳೆಹಣ್ಣು ಕಳಿತರೆ ಮುತ್ತುತ್ತವಲ್ಲ, ಆ ಸಣ್ಣ ನೊಣ. 1,39,255 ನರಕೋಶ, ಸುಮಾರು 5 ಕೋಟಿ ಕೊಂಡಿಗಳು. ಆ ಸುದ್ದಿ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಸಂತೋಷ.

ಅದೇ 2024ರಲ್ಲಿ ಮನುಷ್ಯನ ಮಿದುಳಿನ ಒಂದು ಘನ ಮಿಲಿಮೀಟರ್ ತುಣುಕಿನ ನಕ್ಷೆಯೂ ಬಂತು. ಸಾಸಿವೆ ಕಾಳಿಗಿಂತ ಸಣ್ಣದು. ಅದನ್ನು ಕೂದಲಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ತೆಳುವಾದ 5,000ಕ್ಕೂ ಹೆಚ್ಚು ಪದರಗಳಾಗಿ ಕತ್ತರಿಸಿ ಚಿತ್ರ ತೆಗೆದರು. ಸುಮಾರು 57,000 ಜೀವಕೋಶ, 15 ಕೋಟಿ ಕೊಂಡಿ. ಚಿತ್ರಗಳು ತುಂಬಿದ ಜಾಗ 1,400 ಟೆರಾಬೈಟ್. ಒಂದು ಟೆರಾಬೈಟ್ ಅಂದರೆ ಸಾವಿರ ಜಿಬಿ. ಇಡೀ ಮಿದುಳಿನಲ್ಲಿ ಇಂತಹ ತುಣುಕು 12 ಲಕ್ಷಕ್ಕೂ ಹೆಚ್ಚು. ಮಕ್ಕಳ ಜೊತೆ ಬೋರ್ಡಿನ ಮೇಲೆ ಗುಣಿಸಿದೆ. ಸುಮಾರು 170 ಕೋಟಿ ಟೆರಾಬೈಟ್ ಬಂತು. ಭಾರತದ ಒಬ್ಬೊಬ್ಬರ ಕೈಗೂ ಒಂದು ಟೆರಾಬೈಟಿನ ಡಿಸ್ಕ್ ಕೊಟ್ಟು, ಎಲ್ಲವನ್ನೂ ತುಂಬಿಸಿದರೂ ಒಬ್ಬ ಮನುಷ್ಯನ ಮಿದುಳಿನ ಚಿತ್ರ ಮುಗಿಯುವುದಿಲ್ಲ.

ಮತ್ತೆ ಅದು ಬರೀ ಚಿತ್ರ. ತುಂಗಭದ್ರಾ ಎಡದಂಡೆ ಕಾಲುವೆಯ ನಕ್ಷೆ ಕೈಯಲ್ಲಿದ್ದರೆ ಕಾಲುವೆ ಎಲ್ಲಿ ಹೋಗುತ್ತದೆ ಅನ್ನುವುದು ತಿಳಿಯುತ್ತದೆ. ಇವತ್ತು ಯಾವ ಉಪಕಾಲುವೆಗೆ ನೀರು ಬಿಟ್ಟಿದ್ದಾರೆ, ಕಾಲುವೆಯ ಕೊನೆಯಲ್ಲಿರುವ ರೈತನ ಗದ್ದೆಗೆ ಮುಟ್ಟಿತಾ ಇಲ್ವಾ, ನಕ್ಷೆ ಹೇಳುವುದಿಲ್ಲ. ಮಿದುಳಿನಲ್ಲೂ ಯಾವ ಕೊಂಡಿ ಎಷ್ಟು ಗಟ್ಟಿ, ಯಾವ ರಾಸಾಯನಿಕ ಯಾವಾಗ ಹರಿಯುತ್ತದೆ ಅನ್ನುವುದೇ ನಿಜವಾದ ಕಥೆ. ಮನುಷ್ಯನಲ್ಲಿರುವ ನರಕೋಶ ಸುಮಾರು 8,600 ಕೋಟಿ.

ಹಾಗಾದರೆ ನನ್ನ ಕಾಲದಲ್ಲಿ ಆಗುತ್ತಾ?

ಇಲ್ಲ ಅಂತಲೇ ನನ್ನ ಅಭಿಪ್ರಾಯ. ಇಂತಿಷ್ಟು ವರ್ಷದಲ್ಲಿ ಆಗುತ್ತದೆ ಎಂದು ತಾರೀಖು ಹೇಳಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ನನ್ನ ಮನಸ್ಸಿನ ನಕಲು ಮಾಡಿದರೆ ಅದು ನಾನೇನಾ?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಅತಿ ಕಷ್ಟದ್ದೂ ಇದೇ.

ಡೆರೆಕ್ ಪಾರ್ಫಿಟ್ ಎಂಬ ತತ್ವಜ್ಞಾನಿ 1984ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿಟ್ಟರು. ಒಂದು ಯಂತ್ರ ನಿಮ್ಮನ್ನು ಇಲ್ಲಿ ಕಣಕಣವಾಗಿ ಓದಿ, ಮಂಗಳ ಗ್ರಹದಲ್ಲಿ ಹಾಗೆಯೇ ಕಟ್ಟುತ್ತದೆ. ಇಲ್ಲಿನ ದೇಹ ಇಲ್ಲವಾಗುತ್ತದೆ. ನೀವು ಪ್ರಯಾಣ ಮಾಡಿದಿರಿ ಅನಿಸುತ್ತದೆ. ಆದರೆ ಇಲ್ಲಿನ ದೇಹ ಅಳಿಯದೆ ಹಾಗೇ ಉಳಿದರೆ? ಆಗ ಯಾರು ನೀವು? ಹ್ಯಾನ್ಸ್ ಮೊರಾವೆಕ್ ಎಂಬ ರೋಬಾಟ್ ವಿಜ್ಞಾನಿ 1988ರಲ್ಲಿ ಇನ್ನೊಂದು ದಾರಿ ಹೇಳಿದರು. ಒಮ್ಮೆಲೇ ನಕಲು ಬೇಡ. ಎಚ್ಚರವಿರುವಾಗಲೇ ಮಿದುಳನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಆ ಜಾಗದ ಕೆಲಸವನ್ನು ಕಂಪ್ಯೂಟರಿಗೆ ವಹಿಸುತ್ತ ಹೋಗುವುದು. ಎಲ್ಲಿ ನೀವು ಮುಗಿದು ಯಂತ್ರ ಶುರುವಾಯಿತು ಎಂದು ಗೆರೆ ಎಳೆಯಲು ಆಗದ ಹಾಗೆ.

ಇದನ್ನು ನಮ್ಮ ಹುಡುಗರಿಗೆ ಹೇಳಿದಾಗ ಒಬ್ಬ ಹುಡುಗ ಕೌದಿಯ ಮಾತು ತೆಗೆದ. ಅವರ ಮನೆಯಲ್ಲಿ ಅವನ ಅಜ್ಜಿ ಹೊಲೆದ ಕೌದಿ ಇದೆ. ಹರಿದ ಕಡೆ ಪ್ರತಿ ವರ್ಷ ಹೊಸ ತುಂಡು ಹಚ್ಚುತ್ತಾರೆ. ಹಳೆಯ ಸೀರೆ, ಅಪ್ಪನ ಅಂಗಿ, ತಂಗಿಯ ಲಂಗ. ಈಗ ಮೊದಲಿನ ಬಟ್ಟೆ ಒಂದು ಅಂಗೈಯಷ್ಟೂ ಉಳಿದಿಲ್ಲ. ಆದರೂ ಅದು ಅಜ್ಜಿಯ ಕೌದಿನೇ, ಹೊದ್ದುಕೊಂಡರೆ ಗೊತ್ತಾಗುತ್ತದೆ ಅಂದ. "ಆದ್ರೆ ಸರ್, ಅದನ್ನ ನೋಡಿ ಹಂಗೇ ಇನ್ನೊಂದು ಹೊಲಿಸಿದ್ರೆ ಅದು ಅಜ್ಜಿದಲ್ಲ."

ಈ ಎರಡು ಮಾತಿನ ನಡುವೆ ಇಡೀ ವಿಷಯ ಇದೆ. ನಮ್ಮ ದೇಹದಲ್ಲೂ ಕಣಗಳು ಬದಲಾಗುತ್ತಲೇ ಇರುತ್ತವೆ, ನಾವು ನಾವೇ ಆಗಿರುತ್ತೇವೆ. ನನ್ನ ಮಟ್ಟಿಗೆ ನಕಲು ನಾನಲ್ಲ. ಆದರೆ ಆ ನಕಲೂ ಎಚ್ಚರಗೊಂಡು, ತಾನೇ ನಾನು ಎಂದು ನಂಬಿ, ನನ್ನ ಹೆಂಡತಿಯ ಹೆಸರು ಹಿಡಿದು ಕರೆದರೆ, ಅದಕ್ಕೆ ನೋವಾಗುವುದು ಸುಳ್ಳಲ್ಲ. ಒಳ್ಳೆಯ ಕಥೆಗಳು ಆ ನೋವನ್ನು ಬಿಟ್ಟುಹೋಗುವುದಿಲ್ಲ.

ತೀರಿಕೊಂಡವರ ಧ್ವನಿಯಲ್ಲಿ ಮಾತಾಡುವ ಪ್ರೋಗ್ರಾಂಗಳು ಈಗಲೇ ಇವೆಯಲ್ಲ?

ಇವೆ. 2018ರಲ್ಲಿ ತೀರಿಕೊಂಡ ಎಂ. ಕರುಣಾನಿಧಿಯವರು 2024ರ ಚುನಾವಣೆಯ ಹೊತ್ತಿಗೆ ಪರದೆಯ ಮೇಲೆ ಬಂದು ತಮಿಳಿನಲ್ಲಿ ಭಾಷಣ ಮಾಡಿದ್ದನ್ನು ನೀವೂ ಸುದ್ದಿಯಲ್ಲಿ ನೋಡಿರಬಹುದು. ಕೃತಕ ಬುದ್ಧಿಮತ್ತೆಯಿಂದ ಮಾಡಿದ ಮುಖ, ಮಾಡಿದ ಧ್ವನಿ. ಅದು ಮನಸ್ಸಲ್ಲ. ನಮ್ಮ ಮಾತಿಗೆ ಉತ್ತರ ಕೊಡುವ ಪ್ರೋಗ್ರಾಂ ಆದರೂ ಅಷ್ಟೇ: ಒಬ್ಬರು ಆಡಿದ ಮಾತುಗಳನ್ನು ಗುಡ್ಡೆ ಹಾಕಿ, ಮುಂದೆ ಏನು ಆಡಬಹುದು ಎಂದು ಅಂದಾಜು ಮಾಡುವ ಯಂತ್ರ.

ಇದು ನನಗೆ ಮನಸ್ಸಿಗೆ ಹತ್ತಿರದ ವಿಷಯ. ನಮ್ಮ ಅಜ್ಜಿ ಬೀಸುವ ಕಲ್ಲಿನ ಪದ ಹಾಡುತ್ತಿದ್ದಳು. 1991ರಲ್ಲಿ ನಮ್ಮ ಕಾಕಾ ಟೇಪ್ ರೆಕಾರ್ಡರ್ ತಂದು ಅವಳ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿದರು. ಕ್ಯಾಸೆಟ್ಟಿನಲ್ಲಿ ಕಲ್ಲು ತಿರುಗುವ ಗರಗರ ಸದ್ದು, ಅದರ ಮೇಲೆ ಅವಳ ಧ್ವನಿ, ಬಳೆಯ ಸದ್ದು. ಮೂರನೇ ಪದದ ನಡುವೆ ಹಾಡು ನಿಲ್ಲುತ್ತದೆ. "ಹಾಲು ಉಕ್ಕತಾವ ನೋಡವಾ" ಅನ್ನುತ್ತಾಳೆ. ನಮ್ಮ ಅತ್ತೆಗೆ ಹೇಳಿದ್ದು. ಒಂದು ಗಳಿಗೆ ಸುಮ್ಮನಿದ್ದು, ಮತ್ತೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಹಾಡು ಹಿಡಿಯುತ್ತಾಳೆ.

ಮೂವತ್ತು ವರ್ಷದಿಂದ ಆ ಹಾಲು ಉಕ್ಕುತ್ತಲೇ ಇದೆ. ಕ್ಯಾಸೆಟ್ಟಿಗೆ ಈ ಮನೆಯಲ್ಲಿ ಈಗ ಗ್ಯಾಸ್ ಒಲೆ ಇದೆ ಎಂದು ಗೊತ್ತಿಲ್ಲ. ಪ್ರೋಗ್ರಾಂ ಆದರೆ ಇನ್ನೂ ನೂರು ಹೊಸ ವಾಕ್ಯ ಹುಟ್ಟಿಸಬಹುದು. ಅಜ್ಜಿ ಮಾಡಿದ್ದು ಅದಲ್ಲ. ಹಾಡುತ್ತ ಕಲ್ಲು ತಿರುವುತ್ತಲೇ ಅವಳ ಮೂಗು ಅಡಿಗೆ ಮನೆಯ ಕಡೆ ಇತ್ತು. ಹಾಲಿನ ವಾಸನೆ ಬಂದ ಕೂಡಲೇ ಅವಳಿಗೆ ಕಾಳಜಿ ಹುಟ್ಟಿತು. ಧ್ವನಿ ಉಳಿಸುವುದಕ್ಕೂ ಮನಸ್ಸು ಉಳಿಸುವುದಕ್ಕೂ ಇರುವ ಅಂತರ ಅಷ್ಟು. ಮನಸ್ಸಿನ ಕಥೆ ಬರೆಯುವಾಗ ನಿಮ್ಮ ಪಾತ್ರಕ್ಕೆ ಹಾಲಿನ ವಾಸನೆ ಬರುತ್ತದಾ ಎಂದು ಕೇಳಿಕೊಳ್ಳಿ.

ಕರೆಂಟು ಹೋದರೆ ಯಂತ್ರದೊಳಗೆ ಇರುವವರ ಗತಿ ಏನು?

ನಮ್ಮ ಕಡೆಯ ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದು. ಬಹಳ ಸರಿಯಾದ ಪ್ರಶ್ನೆ.

ನಿಲ್ಲಿಸಿದರೆ ನಿಲ್ಲುತ್ತಾರೆ. ಮತ್ತೆ ಹಚ್ಚಿದರೆ, ಮಾಹಿತಿ ಕೆಟ್ಟಿರದಿದ್ದರೆ, ನಡುವೆ ಏನೂ ಆಗಲೇ ಇಲ್ಲ ಎಂಬಂತೆ ಮುಂದುವರಿಯುತ್ತಾರೆ. ಗಂಟೆ ಹೋಯಿತೋ ನೂರು ವರ್ಷ ಹೋಯಿತೋ ಅವರಿಗೆ ತಿಳಿಯುವುದಿಲ್ಲ. ಕಥೆಗಾರರಿಗೆ ಇದೊಂದು ದೊಡ್ಡ ಗಣಿ.

ಇನ್ನು ಲೆಕ್ಕ. ನಿಮ್ಮ ತಲೆಯಲ್ಲಿರುವ ಮಿದುಳು ಸುಮಾರು 20 ವ್ಯಾಟ್‌ನಲ್ಲಿ ನಡೆಯುತ್ತದೆ. ಒಂದು ಎಲ್‌ಇಡಿ ಟ್ಯೂಬ್‌ಲೈಟಿನಷ್ಟು. 2022ರಲ್ಲಿ ಜಗತ್ತಿನಲ್ಲೇ ಅತಿ ವೇಗದ್ದು ಎನಿಸಿಕೊಂಡ ಅಮೆರಿಕದ ಫ್ರಾಂಟಿಯರ್ ಸೂಪರ್ ಕಂಪ್ಯೂಟರಿಗೆ ಬೇಕಾದದ್ದು ಸುಮಾರು 21 ಮೆಗಾವ್ಯಾಟ್. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದ ಒಂದು ಹಳೆಯ ಘಟಕ 210 ಮೆಗಾವ್ಯಾಟಿನದು. ಅಂದರೆ ಆ ಘಟಕ ಪೂರ್ತಿ ಓಡಿದರೂ ಅಂಥ ಹತ್ತು ಯಂತ್ರ ಮಾತ್ರ. ಅದೇ ಕರೆಂಟು ಮಿದುಳುಗಳಿಗಾದರೆ ಒಂದು ಕೋಟಿ ಮಿದುಳು ನಡೆಯುತ್ತವೆ. ಜೋಳದ ರೊಟ್ಟಿ, ಪುಂಡಿ ಪಲ್ಯ ತಿಂದು ನಡೆಯುವ ಈ ಯಂತ್ರದ ಬಗ್ಗೆ ನನಗೆ ಎಷ್ಟು ಗೌರವ ಅಂದರೆ, ಪಾಠ ಮಾಡುವಾಗ ಆ ಅಂಕಿ ಹೇಳಿ ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ.

ಬಿಸಿಯೂ ಇದೆ. ಇಷ್ಟು ಕರೆಂಟು ಕೊನೆಗೆ ಶಾಖವಾಗಿ ಹೊರಗೆ ಬರಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಸತ್ತವರ ಮನಸ್ಸುಗಳನ್ನು ತಂಪಾಗಿಡಲು ಕೃಷ್ಣೆಯ ನೀರು ಕೇಳಿದರೆ, ಬದುಕಿರುವವರ ಗದ್ದೆಗೆ ಯಾವ ನೀರು? ಈ ಪ್ರಶ್ನೆ ಇಟ್ಟುಕೊಂಡು ಒಬ್ಬ ಕಾಲೇಜು ಹುಡುಗಿ ಬರೆದ ಕಥೆ ನಮ್ಮ ಗುಂಪಿನಲ್ಲಿ ಇದುವರೆಗೆ ಬಂದ ಕಥೆಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ.

ಕಂಪ್ಯೂಟರಿನಲ್ಲಿ ಹಾಕಿದ ಮೇಲೆ ಶಾಶ್ವತ ಅಲ್ವಾ?

ಅಲ್ಲ. ಈ ಪುಟದಲ್ಲಿ ಬೇರೆ ಏನನ್ನು ಬಿಟ್ಟರೂ ಇದನ್ನು ಓದಿ.

ರಾಯಚೂರು ಜಿಲ್ಲೆಯ ಮಸ್ಕಿಗೆ ಹೋಗಿ. ಗುಡ್ಡದಲ್ಲಿ ಅಶೋಕನ ಶಾಸನ ಇದೆ. 2,200 ವರ್ಷಕ್ಕೂ ಹಳೆಯದು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಅದನ್ನು ಕಂಡರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದು ಮಾತ್ರ ಇತ್ತು. ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇತ್ತು. ಆ ಬಿರುದಿನ ರಾಜನೂ ಅಶೋಕನೂ ಒಬ್ಬನೇ ಎಂದು ಗಟ್ಟಿಯಾದದ್ದು ಅಲ್ಲಿ.

ಈಗ ಇದನ್ನು ಸಂಗ್ರಹದ ಕಣ್ಣಿನಿಂದ ನೋಡಿ. ಕಲ್ಲು ಗಟ್ಟಿ. ಅಕ್ಷರ ಉಳಿದಿತ್ತು. ಆದರೆ ಆ ಬ್ರಾಹ್ಮಿ ಲಿಪಿಯನ್ನು ಓದುವವರು ನೂರಾರು ವರ್ಷ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸುವವರೆಗೆ ರಾಜನ ಮಾತು ಇದ್ದೂ ಇಲ್ಲದ ಹಾಗೆ. ಕೊಪ್ಪಳದ ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅವನ ಶಾಸನಗಳಿವೆ. ಜಾತ್ರೆಗೆ ಬಂದ ಲಕ್ಷಾಂತರ ಜನ ಅದರ ಹತ್ತಿರವೇ ಓಡಾಡುತ್ತಾರೆ.

ಇದಕ್ಕೆ ಎದುರಾಗಿ ಬ್ರಿಟನ್ನಿನ ಒಂದು ಸಂಗತಿ. 1086ರಲ್ಲಿ ಅಲ್ಲಿನ ರಾಜ ತನ್ನ ದೇಶದ ಜಮೀನು, ದನಕರುಗಳ ಲೆಕ್ಕವನ್ನು ಚರ್ಮದ ಹಾಳೆಯ ಮೇಲೆ ಬರೆಸಿದ. ಆ ಪುಸ್ತಕಕ್ಕೆ 900 ವರ್ಷವಾದಾಗ, 1986ರಲ್ಲಿ, ಬಿಬಿಸಿ ಜನರ ಬದುಕನ್ನು ಹೊಸದಾಗಿ ದಾಖಲಿಸಿ ಲೇಸರ್ ಡಿಸ್ಕಿನಲ್ಲಿ ಇಟ್ಟಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕ್ ಓದುವ ಯಂತ್ರಗಳೇ ಅಪರೂಪವಾದವು. ಬಹಳ ಕಷ್ಟಪಟ್ಟು ಅದನ್ನು ಉಳಿಸಿಕೊಳ್ಳಬೇಕಾಯಿತು. ಚರ್ಮದ ಹಾಳೆಯನ್ನು ಇವತ್ತಿಗೂ ಓದಬಹುದು.

ದೇಹವನ್ನೇ ಹೆಪ್ಪುಗಟ್ಟಿಸಿ ಇಡುವವರ ಕಥೆಯೂ ಇದೆ. 1967ರ ಜನವರಿಯಲ್ಲಿ ಜೇಮ್ಸ್ ಬೆಡ್‌ಫೋರ್ಡ್ ಎಂಬುವರ ದೇಹವನ್ನು ಮುಂದೆಂದಾದರೂ ಎಬ್ಬಿಸುವ ಆಸೆಯಿಂದ ಮೊದಲ ಬಾರಿಗೆ ಹೆಪ್ಪುಗಟ್ಟಿಸಿದರು. ಅದು ಇವತ್ತಿಗೂ ಅಮೆರಿಕದಲ್ಲಿದೆ. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಸ್ಮಶಾನದ ನೆಲಮಾಳಿಗೆಯಲ್ಲಿ ಇಟ್ಟಿದ್ದ ಒಂಬತ್ತು ದೇಹಗಳಿಗೆ ಆ ಭಾಗ್ಯ ಇರಲಿಲ್ಲ. ದುಡ್ಡು ಬರುವುದು ನಿಂತಿತು. ದೇಹಗಳನ್ನು ಹೆಪ್ಪುಗಟ್ಟಿಸಿ ಇಡುವ ದ್ರವ ಸಾರಜನಕ ತುಂಬುವುದು ನಿಂತಿತು. ದೇಹಗಳು ಕೊಳೆತವು. 1979ರ ಹೊತ್ತಿಗೆ ವಿಷಯ ಹೊರಗೆ ಬಂತು. ಆ ಒಂಬತ್ತು ಮಂದಿಯ ಮನೆಯವರು ಎಷ್ಟು ನಂಬಿಕೆ ಇಟ್ಟಿದ್ದರು ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ನಮ್ಮದೇ ಅಣೆಕಟ್ಟನ್ನು ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು. ಸುಮಾರು 70 ವರ್ಷ ನೀರು ಹಿಡಿದ ಅಣೆಕಟ್ಟು. ತುಂಬಿದ ಕೆರೆಯಂತಿದ್ದ ಡ್ಯಾಂ ಕಣ್ಣೆದುರೇ ಖಾಲಿಯಾಗುತ್ತಿದ್ದಾಗ ನಮ್ಮ ಊರಿನ ರೈತರ ಮುಖ ನೋಡಲು ಆಗುತ್ತಿರಲಿಲ್ಲ. ಹರಿಯುವ ನೀರಿನಲ್ಲೇ ಕೆಲಸಗಾರರು ಇಳಿದು, ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಅವರು ಕೂರಿಸಿದ ಉಕ್ಕಿನ ತುಂಡುಗಳನ್ನು ನಾನು ದೂರದಿಂದ ನೋಡಿದ್ದೇನೆ. ಅಷ್ಟು ದೊಡ್ಡ ನೀರಿಗೆ ಎದುರಾಗಿ ಎಷ್ಟು ಸಣ್ಣಗೆ ಕಾಣುತ್ತವೆ ಗೊತ್ತಾ?

ಮನಸ್ಸನ್ನು ಸಂಗ್ರಹಿಸುವ ಕಥೆಗಳಲ್ಲಿ ಈ ಕೆಲಸಗಾರರು ಕಾಣುವುದೇ ಇಲ್ಲ. ಸರ್ವರ್ ಹೊಳೆಯುತ್ತದೆ, ಸಾವಿರ ವರ್ಷ ಕಳೆಯುತ್ತದೆ. ಫ್ಯಾನಿನ ಧೂಳು ಒರೆಸಿದವರು ಯಾರು? ಹಳೆಯ ಡಿಸ್ಕಿನಿಂದ ಹೊಸದಕ್ಕೆ ಇಳಿಸಿದವರು ಯಾರು? ಅವರ ಸಂಬಳ ಯಾರು ಕೊಟ್ಟರು? ಗುಹೆಯಲ್ಲಿ ಗುರುವಿನ ದೇಹ ಕಾಯ್ದ ಶಿಷ್ಯರ ಮಾತು ಆಗಲೇ ಹೇಳಿದೆನಲ್ಲ. ನಮ್ಮ ಗುಂಪಿನಲ್ಲಿ ಯಾರೇ ಕಥೆ ಓದಿದರೂ ನಾನು ಕೇಳುವುದು ಇದೊಂದೇ: ಇದನ್ನು ಕಾಯುವವರು ಯಾರು?

ಇದು ದುಡ್ಡಿದ್ದವರಿಗೆ ಮಾತ್ರ ಸಿಗುತ್ತದಾ?

ಕಥೆಗಳಲ್ಲಿ ಬಹುತೇಕ ಹೌದು. ಗ್ರೆಗ್ ಈಗನ್ 1994ರ ತಮ್ಮ ಕಾದಂಬರಿ 'ಪರ್ಮ್ಯುಟೇಶನ್ ಸಿಟಿ'ಯಲ್ಲಿ ಒಂದು ವಿಷಯ ಬಹಳ ಚೆನ್ನಾಗಿ ಕಂಡುಕೊಂಡಿದ್ದಾರೆ. ಅಲ್ಲಿ ಕಂಪ್ಯೂಟರ್ ಸಮಯಕ್ಕೆ ದುಡ್ಡು ಕೊಡಬೇಕು. ಕೊಡಲಾಗದ ನಕಲುಗಳು ನಿಧಾನವಾಗಿ ಓಡುತ್ತವೆ. ಸಾಹುಕಾರನಿಗೆ ದಿನ ಕಳೆದರೆ ಬಡವನಿಗೆ ಇನ್ನೂ ಗಂಟೆಯೂ ಆಗಿರುವುದಿಲ್ಲ.

ಆದರೆ ಬಳ್ಳಾರಿ, ಸಂಡೂರಿನ ಕೆಂಪು ಧೂಳು ಕಂಡವರಿಗೆ ಇದಕ್ಕಿಂತ ದೊಡ್ಡ ಭಯ ಒಂದಿದೆ. ಬಡವರಿಗೆ ಸಿಗುವುದಿಲ್ಲ ಎಂಬುದಲ್ಲ, ಬಡವರಿಗೂ ಸಿಗುತ್ತದೆ ಎಂಬುದು. ಅದಿರು ಲಾರಿ ಓಡಿಸುವ ಒಬ್ಬ ನುರಿತ ಡ್ರೈವರ್ ಇದ್ದಾನೆ ಎನ್ನಿ. ಅವನ ಮನಸ್ಸನ್ನು ಒಮ್ಮೆ ನಕಲು ಮಾಡಿ, ಸಾವಿರ ಲಾರಿಗೆ ಸಾವಿರ ನಕಲು ಹಾಕಿದರೆ? ಸಂಬಳ ಬೇಡ, ಊಟ ಬೇಡ, ಹಬ್ಬಕ್ಕೆ ರಜೆ ಬೇಡ. ಪ್ರತಿ ನಕಲಿಗೂ ಮನೆಯಲ್ಲಿ ಮಗಳು ಕಾಯುತ್ತಿದ್ದಾಳೆ ಎಂಬ ನೆನಪು ಮಾತ್ರ ಹಾಗೇ ಇರುತ್ತದೆ. ಸಂಜೆ ಅದನ್ನು ಅಳಿಸಿ, ಬೆಳಿಗ್ಗೆ ಮತ್ತೆ ಹೊಸದಾಗಿ ಹಚ್ಚುತ್ತಾರೆ. ಈ ಕಥೆಯನ್ನು ಬರೆದ ಹುಡುಗನ ಅಪ್ಪ ಲಾರಿ ಡ್ರೈವರ್. ಓದುವಾಗ ಅವನ ಧ್ವನಿ ನಡುಗಿತು. ನಾವ್ಯಾರೂ ಮಾತಾಡಲಿಲ್ಲ.

ಆಸ್ತಿ, ಪಿಂಚಣಿ ಇವೆಲ್ಲ ಏನಾಗುತ್ತವೆ?

ಇದನ್ನು ಕೇಳುವವರು ಹೆಚ್ಚಾಗಿ ದೊಡ್ಡವರು. ಈಗಿನ ಕಾನೂನಿನಲ್ಲಿ ದೇಹ ಸತ್ತರೆ ಮನುಷ್ಯ ಸತ್ತ. 21 ದಿನದಲ್ಲಿ ಮರಣ ನೋಂದಣಿ, ಆಮೇಲೆ ಜಮೀನಿಗೆ ಪೌತಿ ಖಾತೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಎಂದು ಪ್ರಮಾಣ ಪತ್ರ ಕೊಡಬೇಕು. 2014ರಿಂದ ಬೆರಳಚ್ಚು ಕೊಟ್ಟು ಡಿಜಿಟಲ್ ಆಗಿಯೂ ಕೊಡಬಹುದು. ಬೆರಳೇ ಇಲ್ಲದ ಮನಸ್ಸು ಏನು ಕೊಡಬೇಕು?

ಒಂದು ಸಣ್ಣ ಬಾಗಿಲು ತೆರೆದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ನಾವು ಸತ್ತ ಮೇಲೆ ನಮ್ಮ ದತ್ತಾಂಶದ ಹಕ್ಕನ್ನು ಚಲಾಯಿಸಲು ಒಬ್ಬರನ್ನು ನೇಮಿಸುವ ಅವಕಾಶ ಇದೆ. ಬ್ಯಾಂಕಿನಲ್ಲಿ ನಾಮಿನಿ ಇರುವ ಹಾಗೆ. ಮನಸ್ಸಿಗೂ ನಾಮಿನಿ ಬೇಕಾಗಬಹುದು. ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ತೀರಿಕೊಂಡ ಅಪ್ಪನೇ ಪರದೆಯ ಮೇಲೆ ಬಂದು ಕೂತರೆ ಪಂಚಾಯಿತಿ ಹೇಗೆ ನಡೆಯಬೇಕು? ಯಾರಾದರೂ ಬರೆಯಿರಿ. ನನಗೆ ಓದುವ ಆಸೆ ಬಹಳ ಇದೆ.

ಸಾವೇ ಇಲ್ಲದಿದ್ದರೆ ಬೇಜಾರಾಗಲ್ವಾ?

ನನಗಂತೂ ಆಗಲಿಕ್ಕಿಲ್ಲ. ಓದಲು ಇನ್ನೂ ಎಷ್ಟೋ ಇದೆ.

ಆತ್ಮ ಎಲ್ಲಿ ಹೋಗುತ್ತದೆ?

ನಮ್ಮ ಓಣಿಯ ಹಿರಿಯರೊಬ್ಬರು, "ಏನ್ರಿ ಮಾಸ್ತರ, ಮನಸು ಯಂತ್ರದಾಗ ಇಟ್ರ ಆತ್ಮ ಎಲ್ಲಿ ಹೋಗ್ತೈತಿ?" ಎಂದು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದರು. ವಿಜ್ಞಾನಕ್ಕೆ ಆತ್ಮವನ್ನು ಅಳೆಯುವ ಸಾಧನ ಇಲ್ಲ, ಹಾಗಾಗಿ ನಾನು ಅದರ ಬಗ್ಗೆ ವಿಜ್ಞಾನದ ಹೆಸರಿನಲ್ಲಿ ಏನೂ ಹೇಳುವುದಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಆ ಯಂತ್ರಕ್ಕ ಹಸಿವು ಆಗ್ತೈತೇನು?" ಅಂದರು. ಅವರ ಆ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು. ದೇಹವಿಲ್ಲದ ಮನಸ್ಸಿಗೆ ಬೇಕು ಅನಿಸುವುದು ಎಲ್ಲಿಂದ ಹುಟ್ಟಬೇಕು?

ನಮ್ಮ ಊರಿನಲ್ಲಿಟ್ಟು ಇಂಥ ಕಥೆ ಬರೆಯುವುದು ಹೇಗೆ?

ಮೊದಲು ನೆನಪಿನ ಶಕ್ತಿ ಅಂದರೇನು ಅನ್ನುವುದನ್ನು ನಮ್ಮವರಲ್ಲೇ ನೋಡಿ. ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಹನ್ನೆರಡು ದೊಡ್ಡ ಕಾವ್ಯಗಳು ಬಾಯಲ್ಲಿದ್ದವು. ಬರೆದರೆ ಸಾವಿರಾರು ಪುಟ. ಅವರು 2014ರಲ್ಲಿ ತೀರಿಕೊಂಡರು. ಅವರ ಹಾಡಿಕೆಯಲ್ಲಿ ಒಂದಿಷ್ಟು ಅಚ್ಚಾಗಿ ಉಳಿದಿದೆ. ಅದಕ್ಕಾಗಿ ದುಡಿದವರಿಗೆ ನಮಸ್ಕಾರ. ಆದರೆ ಪುಸ್ತಕದಲ್ಲಿ ಇಲ್ಲದ್ದು ಒಂದಿದೆ. ಎದುರಿಗೆ ಕೂತವರ ಮುಖ ನೋಡಿ ಹಾಡುಗಾರ್ತಿ ಕಥೆ ಹಿಗ್ಗಿಸುತ್ತಾಳೆ, ಕುಗ್ಗಿಸುತ್ತಾಳೆ. ಅಳುವ ಮಗು ಇದ್ದರೆ ಒಂದು ದಾರಿ, ನಿದ್ದೆ ತೂಗುವ ಮುದುಕ ಇದ್ದರೆ ಇನ್ನೊಂದು ದಾರಿ. ಆ ಮನಸ್ಸನ್ನು ಯಂತ್ರಕ್ಕೆ ಇಳಿಸಿದರೆ, ಕೇಳುವವರಿಲ್ಲದ ಕೋಣೆಯಲ್ಲಿ ಅದು ಹಾಡುತ್ತದಾ?

ಎರಡನೆಯದು, ಬೆಂಗಳೂರು, ನ್ಯೂಯಾರ್ಕ್ ಬೇಡ. ಯಂತ್ರವನ್ನು ಇಲ್ಲೇ ಇಡಿ. ಗುಡ್ಡದ ಗವಿಯಲ್ಲಿ ಇಡಿ, ಹಳೆಯ ಅಕ್ಕಿ ಗಿರಣಿಯಲ್ಲಿ ಇಡಿ, ಬಳ್ಳಾರಿಯ ಮುಚ್ಚಿದ ಜೀನ್ಸ್ ಕಾರ್ಖಾನೆಯಲ್ಲಿ ಇಡಿ. ಅದನ್ನು ನೋಡಿಕೊಳ್ಳುವವಳು ಸಂಜೆ ಒಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡು ಬರಲಿ. ಒಳಗಿರುವವರು ಅದರ ರುಚಿ ಕೇಳಲಿ. ಅವಳು ಹೇಗೆ ವಿವರಿಸುತ್ತಾಳೆ ಅನ್ನುವುದೇ ಒಂದು ಕಥೆ. ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಸಾವಿರ ವರ್ಷದ ಮೇಲೂ ಕೊಪ್ಪಳದ ಮನಸ್ಸು "ಹೌದಲ್ರಿ" ಅಂತಲೇ ಅನ್ನಬೇಕು.

ಮೊದಲು ಏನು ಓದಲಿ?

ಇಂಗ್ಲಿಷ್ ಓದಬಲ್ಲವರಿಗೆ ಆರ್ಥರ್ ಸಿ. ಕ್ಲಾರ್ಕ್ ಅವರ 'ದಿ ಸಿಟಿ ಅಂಡ್ ದಿ ಸ್ಟಾರ್ಸ್'. 1956ರದು. ಊರಿನ ಜನರೆಲ್ಲ ಯಂತ್ರದ ನೆನಪಿನಲ್ಲಿ ಮಲಗಿ, ಸರದಿ ಬಂದಾಗ ಮತ್ತೆ ಹುಟ್ಟುವ ನಗರ. ವಿಲಿಯಂ ಗಿಬ್ಸನ್ ಅವರ 1984ರ 'ನ್ಯೂರೋಮ್ಯಾನ್ಸರ್'ನಲ್ಲಿ ಸತ್ತವನೊಬ್ಬನ ಮನಸ್ಸನ್ನು ಯಂತ್ರದಲ್ಲಿಟ್ಟು ಕೆಲಸ ಮಾಡಿಸುತ್ತಾರೆ. ಕೆಲಸ ಮುಗಿದ ಮೇಲೆ ನನ್ನನ್ನು ಅಳಿಸಿಬಿಡಿ ಎಂದು ಅವನು ಕೇಳಿಕೊಳ್ಳುತ್ತಾನೆ. ಕನ್ನಡದಲ್ಲಿ ವೈಜ್ಞಾನಿಕ ಕಥೆಗೆ ದಾರಿ ಮಾಡಿದವರಲ್ಲಿ ರಾಜಶೇಖರ ಭೂಸನೂರಮಠ ಅವರನ್ನು ಬಿಡದೆ ಓದಿ.

ಕಥೆ ಇರಲಿ, ನಮ್ಮ ಮನೆಯ ಹಿರಿಯರ ಧ್ವನಿ ಉಳಿಸಬೇಕು. ಏನು ಮಾಡಲಿ?

ಇವತ್ತೇ ಮಾಡಿ. ನಾನು ತಡ ಮಾಡಿ ಕಳೆದುಕೊಂಡಿದ್ದೇನೆ. ನನ್ನ ಅವ್ವ ವಾಟ್ಸಾಪಿನಲ್ಲಿ ಕಳಿಸುತ್ತಿದ್ದ ಧ್ವನಿ ಸಂದೇಶಗಳೆಲ್ಲ ಹಳೆಯ ಫೋನಿನಲ್ಲಿದ್ದವು. "ಉಂಡ್ಯಾ? ಬಸ್ ಸಿಕ್ತಾ?" ಅಷ್ಟೇ ಇರುತ್ತಿತ್ತು. ಅವಳು ಹೋದ ಮೇಲೆ ಫೋನ್ ರಿಪೇರಿಗೆ ಕೊಟ್ಟೆ. ಅಂಗಡಿಯವನು ಕೇಳದೆ ಎಲ್ಲ ಅಳಿಸಿ ಹೊಸದರ ಹಾಗೆ ಮಾಡಿ ಕೊಟ್ಟ. ಬ್ಯಾಕಪ್ ಇರಲಿಲ್ಲ. ಒಂದು ವಾರ ನನಗೆ ಊಟ ಸೇರಲಿಲ್ಲ.

ಮೂರು ಕಡೆ ಇಡಿ. ಫೋನಿನಲ್ಲಿ ಒಂದು, ಬೇರೆ ಡಿಸ್ಕಿನಲ್ಲಿ ಒಂದು, ಬೇರೆ ಊರಿನಲ್ಲಿರುವ ತಂಗಿಯ ಮನೆಯಲ್ಲಿ ಒಂದು. ಕಡತಕ್ಕೆ ಹೆಸರು, ದಿನ, ಊರು ಬರೆಯಿರಿ. ಯಾರ ಧ್ವನಿ ಎಂದು ಗೊತ್ತಿಲ್ಲದ ಧ್ವನಿ ಮುಂದಿನವರಿಗೆ ಬ್ರಾಹ್ಮಿ ಲಿಪಿಯ ಹಾಗೆ. ಹಾಡು, ಕಥೆಯನ್ನಷ್ಟೇ ಹಿಡಿಯಬೇಡಿ. ರೊಟ್ಟಿ ಬಡಿಯುವಾಗ, ಬಯ್ಯುವಾಗ, ಫೋನಿನಲ್ಲಿ ಅಕ್ಕನ ಜೊತೆ ಮಾತಾಡುವಾಗಲೂ ರೆಕಾರ್ಡ್ ಮಾಡಿ, ಅವರಿಗೆ ಹೇಳಿಯೇ ಮಾಡಿ. ವರ್ಷಕ್ಕೊಮ್ಮೆ ತೆರೆದು ಕೇಳಿ, ಓಡುತ್ತಿದೆಯಾ ನೋಡಿ.

ಅಜ್ಜಿಯ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿತ್ತು. ಬಳ್ಳಾರಿಯಲ್ಲಿ ಹಳೆಯ ರೇಡಿಯೋ ರಿಪೇರಿ ಮಾಡುವ ಒಬ್ಬರು ಟೇಪನ್ನು ಬಿಚ್ಚಿ, ಹತ್ತಿಯಿಂದ ಇಂಚಿಂಚು ಒರೆಸಿ, ಇನ್ನೊಂದು ಕ್ಯಾಸೆಟ್ಟಿನ ಕವಚಕ್ಕೆ ಸುತ್ತಿ, ಕಂಪ್ಯೂಟರಿಗೆ ಇಳಿಸಿಕೊಟ್ಟರು. ಎರಡು ದಿನ ಹಿಡಿಯಿತು. ಈಗ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮೊದಲು ಅದನ್ನು ಹಚ್ಚುತ್ತೇವೆ. ಮೂರನೇ ಪದದ ನಡುವೆ ಅಜ್ಜಿ ಹಾಡು ನಿಲ್ಲಿಸುತ್ತಾಳೆ. ಅವಳನ್ನು ಒಮ್ಮೆಯೂ ನೋಡದ ನನ್ನ ಮಗಳು ಎದ್ದು ಹೋಗಿ ಒಲೆ ಸಣ್ಣ ಮಾಡಿ ಬರುತ್ತಾಳೆ.